ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮೂರು ಬೀಗಗಳು

ಪ್ರವಾಸ ಎಂದ ಕೂಡಲೆ ನಮ್ಮವರ ಕಣ್ಣೆದುರಿಗೆ ನಿಲ್ಲುವುದು ಹಂಪೆ, ಬಾದಾಮಿ, ಜೋಗ; ಅದೂ ಇಲ್ಲವೆಂದರೆ ರಜೆಯಲ್ಲಿ ಊರಿಗೆ ಹೊರಡುವ ರಾತ್ರಿಯ ಬಸ್ಸು. ತಾವಿರುವ ಊರನ್ನೇ ನೋಡಲು ಹೊರಡುವವರು ಕಡಿಮೆ. ಮುಂಬಯಿಯಲ್ಲಿ ಮೂವತ್ತು ವರುಷ ಸಂಸಾರ ಹೂಡಿದವರು ಕೂಡ ಮನೆ, ಕಚೇರಿ, ಮಾಟುಂಗದ ಪೇಟೆ, ಸಂಘದ ಸಭಾಗೃಹ ಎಂಬ ನಾಲ್ಕು ಕಂಬಗಳ ನಡುವೆಯೇ ಸುತ್ತುತ್ತಿರುವುದುಂಟು. ಹೀಗಿರುವಾಗ ಮೊಬೈಲ್ ಫೋನು ಕೊಳ್ಳಲು ಹೋದದ್ದನ್ನು ಪ್ರವಾಸವೆಂದು ಬರೆದರೆ ವಾಚಕರು ನಕ್ಕಾರು. ನಗಲಿ. ಲ್ಯಾಮಿಂಗ್ಟನ್ ರಸ್ತೆಯನ್ನು ಒಮ್ಮೆ ಕಣ್ಣು ತೆರೆದು ನಡೆದವರಿಗೆ ಅದು ಸಣ್ಣ ಪ್ರವಾಸವಲ್ಲವೆಂದು ತಿಳಿದೀತು.

ಡೊಂಬಿವಲಿಯಿಂದ ದಾದರಿನವರೆಗೆ ಮಧ್ಯ ರೈಲ್ವೆ. ಅಲ್ಲಿ ಸೇತುವೆ ಹತ್ತಿ ಇಳಿದು ಪಶ್ಚಿಮ ರೈಲ್ವೆಯ ಸ್ಲೋ ಗಾಡಿ. ಎಲ್ಫಿನ್‌ಸ್ಟನ್ ರೋಡು ಎಂದು ನಮಗೆ ಬಾಯಿಪಾಠವಾಗಿದ್ದ ಸ್ಟೇಶನ್ನು ೨೦೧೮ರಲ್ಲಿ ಪ್ರಭಾದೇವಿಯಾಯಿತು. ಆಮೇಲೆ ಲೋವರ್ ಪರೇಲ್, ಮಹಾಲಕ್ಷ್ಮಿ, ಮುಂಬಯಿ ಸೆಂಟ್ರಲ್. ಅದನ್ನು ದಾಟಿದರೆ ಗ್ರಾಂಟ್ ರೋಡು. ೧೮೩೫ರಿಂದ ೧೮೩೮ರವರೆಗೆ ಮುಂಬಯಿಯ ಗವರ್ನರನಾಗಿದ್ದ ರಾಬರ್ಟ್ ಗ್ರಾಂಟನ ಹೆಸರು ಅದು. ರಸ್ತೆಗೆ ಮೌಲಾನಾ ಶೌಕತ್ ಅಲಿಯವರ ಹೆಸರು ಬಂದು ಎಷ್ಟೋ ಕಾಲವಾದರೂ ಸ್ಟೇಶನ್ನಿನ ಹಲಗೆಯ ಮೇಲೆ ಗ್ರಾಂಟನೇ ಕುಳಿತಿದ್ದಾನೆ. ಪೂರ್ವದ ಕಡೆಗೆ ಇಳಿದು, ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಸ್ವಲ್ಪ ದೂರ ನಡೆದರೆ ಲ್ಯಾಮಿಂಗ್ಟನ್ ರಸ್ತೆ ಅಡ್ಡ ಬರುತ್ತದೆ. ಲಾರ್ಡ್ ಲ್ಯಾಮಿಂಗ್ಟನ್ ೧೯೦೩ರಿಂದ ೧೯೦೭ರವರೆಗಿನ ಗವರ್ನರು. ಕಾಗದಪತ್ರಗಳಲ್ಲಿ ಇದು ಈಗ ಡಾಕ್ಟರ್ ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಟ್ಯಾಕ್ಸಿಯವನಿಗೆ ಆ ಹೆಸರು ಹೇಳಿದರೆ ಅವನು ಒಂದು ಗಳಿಗೆ ಯೋಚಿಸಿ, "ಲ್ಯಾಮಿಂಗ್ಟನ್ ರೋಡಲ್ಲವೆ?" ಎಂದು ನಮ್ಮನ್ನೇ ಕೇಳುತ್ತಾನೆ.

ನಮ್ಮ ಹಿಂದಿನ ತಲೆಮಾರಿಗೆ ಈ ಭಾಗವೆಂದರೆ ಸಿನಿಮಾ ಮಂದಿರಗಳ ಬೀದಿ. ಮಿನರ್ವಾ ಇದ್ದದ್ದು ಇಲ್ಲೇ. ೧೯೭೫ರಲ್ಲಿ ತೆರೆಕಂಡ 'ಶೋಲೆ' ಆ ಒಂದು ಮಂದಿರದಲ್ಲಿಯೇ ಐದು ವರುಷ ನಡೆಯಿತು. ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರವಲ್ಲವೆ, ಅಷ್ಟರಮಟ್ಟಿಗೆ ನಮಗೂ ಆ ಬೀದಿಯಲ್ಲಿ ಒಂದು ಪಾಲುಂಟು! ಈಗ ಮಿನರ್ವಾ ಇಲ್ಲ. ಉಳಿದಿರುವುದು ತಂತಿಯ, ಬಿಡಿಭಾಗದ, ಕಂಪ್ಯೂಟರಿನ ಅಂಗಡಿಗಳು. ಒಂದು ಅಂಗಡಿಯಲ್ಲಿ ಕೇಬಲ್ಲುಗಳನ್ನು ಹೂವಿನ ಮಾಲೆಯಂತೆ ಇಳಿಬಿಟ್ಟಿದ್ದಾರೆ. ಇನ್ನೊಂದರಲ್ಲಿ ಗಸಗಸೆಯಷ್ಟು ಚಿಕ್ಕ ಬಿಡಿಭಾಗಗಳನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಬೆಸುಗೆಯ ಕಡ್ಡಿ, ಮೀಟರು, ಕಾವಲು ಕ್ಯಾಮೆರಾ, ಹಳೆಯ ಹಾರ್ಡ್‌ಡಿಸ್ಕು, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು, ಹೀಗೆ ಬೇಕಾದದ್ದು ಬೇಡಾದದ್ದು ಎಲ್ಲವೂ ಉಂಟು. ಕಾಲೇಜಿನ ಹುಡುಗರು ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಓಡುತ್ತಾರೆ. ನಮ್ಮ ಮಾಟುಂಗದಲ್ಲಿ ಹೆಂಗಸರು ಬದನೆಕಾಯಿ ಒತ್ತಿ ನೋಡುವ ಹಾಗೆ ಇಲ್ಲಿ ಅವರು ಮದರ್‌ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ನಾವು ಹೋದದ್ದು ನಾಲ್ವರು: ನಾವಿಬ್ಬರು, ನಮ್ಮ ಎಪ್ಪತ್ತೆಂಟು ವರುಷದ ಮೌಶಿ, ಮತ್ತು ಇಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗ. ಮೌಶಿಯ ಕೈಚೀಲದಲ್ಲಿ ಎರಡು ಫೋನು. ಒಂದು ಆಕೆಯೇ ೨೦೧೮ರಿಂದ ಬಳಸುತ್ತ ಬಂದದ್ದು. ಅದರಲ್ಲಿ ಆಕೆ ತಾನೇ ಹಾಡಿ ತಾನೇ ಧ್ವನಿಮುದ್ರಣ ಮಾಡಿಕೊಂಡ ಹಾಡುಗಳು ನೂರನಾಲ್ವತ್ತು ಇದ್ದವು. ಆರತಿಯ ಹಾಡು, ತೊಟ್ಟಿಲ ಹಾಡು, ಶುಕ್ರವಾರದ ಗೌರಿಯ ಹಾಡು, ಧಾರವಾಡದ ಕಡೆ ಹಿಟ್ಟು ಬೀಸುವಾಗ ಹೇಳುತ್ತಿದ್ದ ಪದಗಳು. ಅವುಗಳಲ್ಲಿ ಎಷ್ಟನ್ನು ಈಗ ಮನೆಯಲ್ಲಿ ಬೇರೆ ಯಾರೂ ಹೇಳಲಾರರೆಂದು ಲೆಕ್ಕ ಹಾಕುವ ಧೈರ್ಯ ನಮಗಿಲ್ಲ. ಆ ಫೋನನ್ನು ಮಾಡಿದ ಕಂಪನಿಯು ಎರಡೇ ವರುಷ ನವೀಕರಣ ಕಳಿಸಿ ಆಮೇಲೆ ಕೈ ತೊಳೆದುಕೊಂಡಿತು. ಮೊನ್ನೆ ಬ್ಯಾಂಕಿನ ಆ್ಯಪು, "ಈ ಹಳೆಯ ಆಂಡ್ರಾಯ್ಡಿನಲ್ಲಿ ನಾನು ಇನ್ನು ಮುಂದೆ ನಡೆಯುವುದಿಲ್ಲ" ಎಂದು ಹೇಳಿಬಿಟ್ಟಿತು. ಮೌಶಿಯ ಪೆನ್ಶನ್ನು ಬರುವುದು ಆ ಬ್ಯಾಂಕಿಗೆ. ಮಾವಿನಕಾಯಿಯವನಿಗೂ ಹಾಲಿನವನಿಗೂ ಆಕೆ ದುಡ್ಡು ಕೊಡುವುದು ಆ ಫೋನಿನಿಂದ.

ಇನ್ನೊಂದು ಫೋನು ಅಮೆರಿಕೆಯಿಂದ ಬಂದ ನೆಂಟರ ಕಾಣಿಕೆ. ನೋಡಲು ಕನ್ನಡಿಯಂತೆ ಚೆಂದ. ಆದರೆ ನಮ್ಮ ಸಿಮ್ ಕಾರ್ಡು ಹಾಕಿದರೆ ಒಪ್ಪಲೊಲ್ಲದು.

ಬೀದಿಯ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ, ಮೂವರು ಕುಳಿತರೆ ನಾಲ್ಕನೆಯವನು ನಿಲ್ಲಬೇಕಾದಂಥ ಅಂಗಡಿ. ಮಾಲಿಕರು ಕಚ್ಛದ ಕಡೆಯವರು, ಅರವತ್ತು ದಾಟಿದವರು. ಮೊದಲು ರೇಡಿಯೋ ರಿಪೇರಿ, ಆಮೇಲೆ ಟೇಪ್‌ರೆಕಾರ್ಡರು, ಆಮೇಲೆ ಕಂಪ್ಯೂಟರು, ಈಗ ಮೊಬೈಲು. ಕಾಲ ಬದಲಾದಂತೆ ಮೇಜಿನ ಮೇಲಿನ ಸಾಮಾನು ಬದಲಾಗಿದೆ, ಮೇಜು ಅದೇ. ಮೌಶಿಗೆ ಕುರ್ಚಿ ಬಿಟ್ಟುಕೊಟ್ಟು, ಚಹಾ ತರಿಸಿ, ಅಮೆರಿಕೆಯ ಫೋನನ್ನು ಕೈಗೆತ್ತಿಕೊಂಡರು. "ಮೌಸೀಜಿ, ಫೋನಿಗೆ ಮೂರು ಬೀಗ ಇರುತ್ತವೆ. ಜನ ಒಂದೇ ಎಂದು ತಿಳಿದುಕೊಳ್ಳುತ್ತಾರೆ" ಎಂದರು. ಆ ಒಂದು ಮಾತು ನಮ್ಮ ಅಂದಿನ ದಿನವನ್ನೆಲ್ಲ ನಡೆಸಿತೆನ್ನಬೇಕು.

ಮೊದಲನೆಯದು ಜಾಲದ ಬೀಗ. ಅಮೆರಿಕೆಯಲ್ಲಿ ಫೋನನ್ನು ದೂರವಾಣಿ ಕಂಪನಿಯೇ ಕಂತಿನ ಮೇಲೆ ಮಾರುವುದು ಹೆಚ್ಚು. ಕಂತು ತೀರುವವರೆಗೆ ಆ ಫೋನು ಬೇರೆ ಕಂಪನಿಯ ಸಿಮ್ಮನ್ನು ಒಳಗೆ ಬಿಟ್ಟುಕೊಳ್ಳದಂತೆ ಬೀಗ ಹಾಕಿರುತ್ತಾರೆ. ತೀರಿದ ಮೇಲೆ ಕೇಳಿದರೆ ತೆಗೆದುಕೊಡಬೇಕು. ಗ್ರಾಹಕನು ಆ ಬೀಗ ತೆಗೆಸಿಕೊಳ್ಳುವುದು ಅಪರಾಧವಲ್ಲವೆಂದು ಅಲ್ಲಿ ೨೦೧೪ರ ಆಗಸ್ಟಿನಲ್ಲಿ ಒಂದು ಕಾಯಿದೆಯೇ ಆಯಿತು. ನಮ್ಮ ದೇಶದಲ್ಲಿ ಈ ಕಾಟ ಕಡಿಮೆ. ಇಲ್ಲಿ ಫೋನು ಕೊಳ್ಳುವುದು ಒಂದು ಅಂಗಡಿ, ಸಿಮ್ ಕೊಳ್ಳುವುದು ಇನ್ನೊಂದು ಅಂಗಡಿ. ಆದಾಗ್ಯೂ ನಾವು ಇದನ್ನು ಕಾಣದವರೇನಲ್ಲ. ೨೦೦೩ರ ಸುಮಾರಿಗೆ ಐನೂರೊಂದು ರೂಪಾಯಿ ಕೊಟ್ಟು ರಿಲಯನ್ಸ್ ಸಿ.ಡಿ.ಎಂ.ಎ. ಫೋನು ತಂದವರಿಗೆ ಅದು ಆ ಕಂಪನಿಯ ಹೊರಗೆ ಉಪಯೋಗಕ್ಕೆ ಬಾರದ ವಸ್ತುವೆಂದು ನೆನಪಿರಬೇಕು. ೨೦೧೭ರಲ್ಲಿ ಸಾವಿರದೈನೂರು ರೂಪಾಯಿಯ ಠೇವಣಿಯ ಮೇಲೆ ಬಂದ ಜಿಯೋಫೋನು ಸಹ ತನ್ನ ಮನೆಯ ಸಿಮ್ಮನ್ನಷ್ಟೇ ಒಪ್ಪುತ್ತಿತ್ತು.

ನಮ್ಮ ನೆಂಟರ ಫೋನಿನ ಕಂತು ಇನ್ನೂ ತೀರಿರಲಿಲ್ಲ. ಮಾಲಿಕರ ಪಕ್ಕದಲ್ಲಿದ್ದ ಹುಡುಗ, ಮೂರು ಸಾವಿರ ಕೊಟ್ಟರೆ ಎಲ್ಲಿಂದಲೋ ಕೋಡು ತರಿಸುವವರಿದ್ದಾರೆಂದು ಪಿಸುಗುಟ್ಟಿದ. ಮಾಲಿಕರು ಅವನ ಕಡೆ ಕನ್ನಡಕದ ಮೇಲಿಂದ ನೋಡಿದರು. "ಅಂಥ ಬೀಗ ಇವತ್ತು ತೆಗೆಯುತ್ತದೆ, ನಾಳೆ ಮತ್ತೆ ಬೀಳುತ್ತದೆ. ಕೊಟ್ಟವರಿಗೇ ಹಿಂದಿರುಗಿಸಿ, ಅವರು ಕಂತು ತೀರಿಸಿ ಅಲ್ಲಿಯೇ ಬಿಡಿಸಿಕೊಳ್ಳಲಿ" ಎಂದರು. ಮೂರು ಸಾವಿರ ಉಳಿಯಿತು, ಸಂಶಯವೂ ಉಳಿಯಲಿಲ್ಲ. ನಮ್ಮ ಹುಡುಗ ಮಾತ್ರ ಸುಮ್ಮನಾಗಲಿಲ್ಲ. "ಸಿಮ್ಮಿನ ಬೀಗ ತೆಗೆದ ಮ್ಯಾಲೂ ಎರಡನೇದು ಹಂಗ ಇರತದ, ಮಾಮಾ. ಕಂಪನಿಯವರು ಮಾರಿದ ಎಷ್ಟೋ ಫೋನಿನಾಗ ಅದನ್ನ ತೆಗೀಲಿಕ್ಕೇ ಬರೂದಿಲ್ಲ" ಎಂದ.

ಈ ಎರಡನೆಯ ಬೀಗದ ಹೆಸರು ಬೂಟ್‌ಲೋಡರು. ಫೋನಿನ ಗುಂಡಿ ಒತ್ತಿದಾಗ ಎಲ್ಲಕ್ಕಿಂತ ಮೊದಲು ಎಚ್ಚರಾಗುವ ಕಾವಲುಗಾರ ಅವನು. ಒಳಗೆ ಬರುವ ತಂತ್ರಾಂಶಕ್ಕೆ ಕಂಪನಿಯ ಮುದ್ರೆ ಇದೆಯೇ ಎಂದು ನೋಡಿ, ಇದ್ದರೆ ಬಿಡುತ್ತಾನೆ, ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತಾನೆ. ಕಳ್ಳನು ಫೋನು ಕದ್ದು ಬೇರೆ ತಂತ್ರಾಂಶ ತುಂಬದಂತೆ ಇದು ಒಳ್ಳೆಯ ಏರ್ಪಾಡೇ. ಆದರೆ ಕಂಪನಿಯು ನವೀಕರಣ ನಿಲ್ಲಿಸಿದ ಮೇಲೆಯೂ ಕಾವಲುಗಾರ ಕದಲುವುದಿಲ್ಲ. ಯಜಮಾನ ಊರು ಬಿಟ್ಟು ಹೋದರೂ ಬಾಗಿಲು ತೆಗೆಯದ ಗೂರ್ಖನಂತೆ ನಿಂತೇ ಇರುತ್ತಾನೆ. ಹಣ ಕೊಟ್ಟವರು ತಮ್ಮ ಫೋನಿನೊಳಗೆ ತಮಗೆ ಬೇಕಾದ ತಂತ್ರಾಂಶ ಹಾಕಿಕೊಳ್ಳಬೇಕೆಂದರೆ, ಅವನಿಗೆ ಅಪ್ಪಣೆ ಕೊಡುವ ಹಕ್ಕು ಅವರದಾಗಿರಬೇಕು. ಆ ಹಕ್ಕು ಕೊಡುವ ಫೋನಿಗೇ ನಮ್ಮ ಹುಡುಗರು ಹ್ಯಾಕ್ ಮಾಡಬಲ್ಲ ಫೋನು ಎನ್ನುವುದು. ಪರರ ಫೋನು ಒಡೆಯುವ ಪುಂಡಾಟಿಕೆಗೂ ಇದಕ್ಕೂ ಸಂಬಂಧವಿಲ್ಲ.

ಮೌಶಿ ಎಲ್ಲವನ್ನೂ ಕೇಳಿ ಚಹಾದ ಬಟ್ಟಲು ಕೆಳಗಿಟ್ಟು ಹೇಳಿದಳು: "ರೊಕ್ಕ ಕೊಟ್ಟಾಕಿ ನಾನು. ಒಳಗಿನ ಹಾಡು ನಂದು. ಕೀಲಿ ಮಾತ್ರ ಬ್ಯಾರೆಯವರ ಕೈಯಾಗ ಅಂದ್ರ ಇದ್ಯಾವ ನ್ಯಾಯಪಾ?"

ಮುಂಬಯಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಪಗಡಿಯ ಮನೆ, ಬಾಡಿಗೆಯ ಮನೆ, ಸ್ವಂತದ ಬ್ಲಾಕು, ಇವುಗಳ ನಡುವಿನ ಭೇದವನ್ನು ನಮ್ಮ ಹಿರಿಯರು ಚಾಳಿನ ಜೀವನದಲ್ಲಿ ಬೆವರು ಸುರಿಸಿ ಕಲಿತವರು. ಬಾಡಿಗೆಯ ಮನೆಯ ಗೋಡೆಗೆ ಮೊಳೆ ಹೊಡೆಯಲು ಮಾಲಿಕನ ಮುಖ ನೋಡಬೇಕು. ಸ್ವಂತದ ಮನೆಯಲ್ಲಿ ಗೋಡೆಯನ್ನೇ ಒಡೆದು ದೇವರಮನೆ ಮಾಡಿಕೊಳ್ಳಬಹುದು. ಪೂರ್ತಿ ಬೆಲೆ ತೆತ್ತು ಕೊಂಡ ಫೋನು ಬಾಡಿಗೆಯ ಮನೆಯಂತೆ ನಡೆದುಕೊಂಡರೆ ಮನಸ್ಸಿಗೆ ಒಗ್ಗುವುದು ಹೇಗೆ?

ಇದರಲ್ಲಿ ಕನ್ನಡದ ಸಂಗತಿಯೂ ಒಂದಿದೆ. ಆಂಡ್ರಾಯ್ಡಿನ ಮೊದಲ ಫೋನು ಅಂಗಡಿಗೆ ಬಂದದ್ದು ೨೦೦೮ರಲ್ಲಿ. ಅದರಲ್ಲಿ ಕನ್ನಡವನ್ನೇ ಫೋನಿನ ಭಾಷೆಯಾಗಿ ಆರಿಸಿಕೊಳ್ಳುವ ಅನುಕೂಲ ಕೂಡಿದ್ದು ೨೦೧೪ರ ಐದನೆಯ ಆವೃತ್ತಿಯಲ್ಲಿ. ತಮಿಳು, ತೆಲುಗು, ಮಲಯಾಳ, ಮರಾಠಿಗಳೂ ಆಗಲೇ ಸೇರಿದವು. ಅದಕ್ಕೆ ಮುಂಚೆ ಎಷ್ಟೋ ಫೋನುಗಳಲ್ಲಿ ಊರಿನಿಂದ ಕನ್ನಡದ ಸಂದೇಶ ಬಂದರೆ ಕಾಣುತ್ತಿದ್ದುದು ಖಾಲಿ ಚೌಕಗಳ ಸಾಲು. ಇಲ್ಲವೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಓದಲಾಗದ ಪದಗಳು. ಕಂಪನಿ ಯಾವಾಗ ಕಣ್ಣು ತೆರೆದೀತೆಂದು ಕಾಯದೆ, ಫೋನಿನ ಬೀಗ ತೆಗೆದು ಒಳಗೆ ಕನ್ನಡದ ಅಕ್ಷರಗಳನ್ನು ತಾವೇ ಕೂರಿಸಿದ ಹುಡುಗರಿದ್ದರು. ಪರಸ್ಥಳದಲ್ಲಿದ್ದು ತಾಯಿಯ ಸಂದೇಶ ಓದಬೇಕಾದವರಿಗೆ ಅದು ಆಟವಾಗಿರಲಿಲ್ಲ. ಬೀಗ ತೆಗೆಯಲು ಬರುವ ಫೋನು ಇಲ್ಲದಿದ್ದರೆ ಆ ಕೆಲಸ ಆಗುತ್ತಿರಲಿಲ್ಲವೆಂಬುದನ್ನು ನೆನೆಯಬೇಕು.

ಹೀಗೆ ತೆರೆದ ಫೋನುಗಳಿಗಾಗಿ ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಕುಳಿತವರು ಕೂಡಿ ತಂತ್ರಾಂಶ ಬರೆಯುತ್ತಾರೆ. ೨೦೦೯ರಲ್ಲಿ ಸ್ಟೀವ್ ಕಾಂಡಿಕ್ ಎಂಬ ಅಮೆರಿಕದವರು ಆರಂಭಿಸಿದ ಸಯನೋಜೆನ್‌ಮಾಡ್ ಇವುಗಳಲ್ಲಿ ಹೆಸರಾದುದು. ಅದರ ಬೆನ್ನಿಗೆ ಕಟ್ಟಿದ ಕಂಪನಿ ೨೦೧೬ರ ಡಿಸೆಂಬರಿನಲ್ಲಿ ಕೈಬಿಟ್ಟಾಗ, ಬರೆಯುತ್ತಿದ್ದವರು ಅದೇ ಕೆಲಸವನ್ನು ಲೀನಿಯೇಜ್ ಓಎಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಲೀನಿಯೇಜ್ ಎಂದರೆ ವಂಶಾವಳಿ. ಕಂಪನಿ ಮುಚ್ಚಿದರೂ ವಂಶ ನಿಲ್ಲಲಿಲ್ಲ. ಕಾರಣ, ಬರೆದದ್ದು ಎಲ್ಲರಿಗೂ ಸೇರಿದ್ದಾಗಿತ್ತು.

ಮೂರನೆಯ ಬೀಗ ಕಣ್ಣಿಗೆ ಕಾಣುವಂಥದು. ಅದು ಅಂಟು ಮತ್ತು ಸ್ಕ್ರೂ. ಮಾಲಿಕರು ಮೇಜಿನ ಖಾನೆಯಿಂದ ಒಂದು ಹಳೆಯ ನೋಕಿಯಾ ೧೧೦೦ ತೆಗೆದು ತೋರಿಸಿದರು. ೨೦೦೩ರಲ್ಲಿ ಬಂದ, ನೆತ್ತಿಯ ಮೇಲೆ ಬ್ಯಾಟರಿ ದೀಪವಿದ್ದ, ಲೋಕದಲ್ಲೆಲ್ಲ ಇಪ್ಪತ್ತೈದು ಕೋಟಿಗೂ ಮಿಕ್ಕಿ ಮಾರಾಟವಾದ ಫೋನು ಅದು. ಅದರ ಬೆನ್ನನ್ನು ಉಗುರಿನಿಂದಲೇ ಎತ್ತಿ, ಬ್ಯಾಟರಿ ತೆಗೆದು ಮತ್ತೆ ಹಾಕಿ, ನಕ್ಕರು. ಈಗಿನ ಫೋನಿನ ಬೆನ್ನು ತೆಗೆಯಲು ಮೊದಲು ಬಿಸಿ ಮಾಡಿ ಅಂಟು ಕರಗಿಸಬೇಕು. ಒಳಗೆ ಸಾಮಾನ್ಯ ತಿರುಪುಳಿಗೆ ಸಿಗದ ಸ್ಕ್ರೂಗಳು. ಬ್ಯಾಟರಿ ಎಂಬುದು ಎರಡು ಮೂರು ವರುಷದಲ್ಲಿ ಸೊರಗುವ ವಸ್ತು. ಅದನ್ನು ಬದಲಿಸಲಾಗದಂತೆ ಮಾಡಿದರೆ ಫೋನಿನ ಆಯುಷ್ಯವನ್ನೇ ಬರೆದಿಟ್ಟಂತೆ. ಎಲ್ಲರೂ ಹೀಗೆ ಎಂದಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ೨೦೧೩ರಲ್ಲಿ ಆರಂಭವಾದ ಫೇರ್‌ಫೋನ್ ಎಂಬ ಕಂಪನಿ, ೨೦೧೫ರ ತನ್ನ ಎರಡನೆಯ ಫೋನನ್ನು ಬಳಸುವವರೇ ಬಿಚ್ಚಿ ಭಾಗಗಳನ್ನು ಬದಲಿಸುವಂತೆ ಮಾಡಿತು. ನಮ್ಮಲ್ಲಿಯೂ ೨೦೨೨ರಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ವಿಚಾರಕ್ಕೆ ಒಂದು ಸಮಿತಿ ನೇಮಿಸಿತು. ಅದೇ ವರುಷದ ಡಿಸೆಂಬರಿನಲ್ಲಿ ಆ ಬಗೆಗೆ ಒಂದು ಜಾಲತಾಣವನ್ನೂ ತೆರೆಯಿತು. ಲ್ಯಾಮಿಂಗ್ಟನ್ ರಸ್ತೆ ಮಾತ್ರ ಯಾವ ಸಮಿತಿಗೂ ಕಾಯಲಿಲ್ಲ. ಈ ಬೀದಿ ರೇಡಿಯೋ ಕಾಲದಿಂದಲೂ ಆ ಹಕ್ಕನ್ನು ಚಲಾಯಿಸುತ್ತಲೇ ಬಂದಿದೆ.

ಇಷ್ಟು ತಿಳಿದ ಮೇಲೆ ಮೌಶಿಯ ಹಳೆಯ ಫೋನಿನ ವಿಚಾರ. ಅದರ ಬೂಟ್‌ಲೋಡರನ್ನು ತೆಗೆಯಲು ಬರುತ್ತಿತ್ತು. ತೆಗೆದು ಲೀನಿಯೇಜ್ ಹಾಕಿದರೆ ಹೊಸ ಆಂಡ್ರಾಯ್ಡು ಬರುತ್ತದೆ. ಹಾಗಾದರೆ ಮತ್ತೇನು ತಡ ಎಂದು ನಾವೆಂದುಕೊಳ್ಳುವಷ್ಟರಲ್ಲಿ ಮಾಲಿಕರು ಎರಡು ಬೆರಳೆತ್ತಿದರು. ಒಂದು: ಬೂಟ್‌ಲೋಡರು ತೆಗೆದ ಗಳಿಗೆಯಲ್ಲಿ ಫೋನಿನೊಳಗಿನದೆಲ್ಲ ಅಳಿಸಿಹೋಗುತ್ತದೆ. ಕದ್ದವನಿಗೆ ಒಳಗಿನ ಗುಟ್ಟು ಸಿಗದಿರಲೆಂದು ಮಾಡಿದ ಏರ್ಪಾಡು ಅದು, ಯಜಮಾನರಿಗೂ ವಿನಾಯಿತಿಯಿಲ್ಲ. ಎರಡು: ತೆಗೆದ ಫೋನನ್ನು ಅನೇಕ ಬ್ಯಾಂಕುಗಳ ಮತ್ತು ಯು.ಪಿ.ಐ.ಯ ಆ್ಯಪುಗಳು ನಂಬುವುದಿಲ್ಲ. ಫೋನು ಕಂಪನಿಯ ಮೂಲಸ್ಥಿತಿಯಲ್ಲೇ ಇದೆಯೇ ಎಂದು ಗೂಗಲ್ಲಿನ ಮೂಲಕ ವಿಚಾರಿಸಿ, ಇಲ್ಲವೆಂದಾದರೆ ಬಾಗಿಲು ಮುಚ್ಚಿಕೊಳ್ಳುತ್ತವೆ.

ಹಾಡು ಅಳಿಸಿಹೋಗುತ್ತವೆ ಎಂದದ್ದೇ ತಡ, ಮೌಶಿ ಫೋನನ್ನು ಸೆರಗಿನೊಳಗೆ ಇಟ್ಟುಕೊಂಡಳು. ಹುಡುಗ ಪಕ್ಕಕ್ಕೆ ಕುಳಿತು, "ಅಜ್ಜಿ, ಮೊದಲ ಹಾಡೆಲ್ಲಾ ತಗದಿಡೂಣು. ಆಮ್ಯಾಲೆ ಮುಂದಿನ ಮಾತು. ನೀ ಹ್ಞೂಂ ಅನ್ನೂ ತನಕಾ ನಾ ಒಂದು ಗುಂಡಿ ಸುದ್ದಾ ಒತ್ತೂದಿಲ್ಲ" ಎಂದ. ಅಲ್ಲಿಯೇ ಎರಡು ಪೆನ್‌ಡ್ರೈವು ಕೊಂಡೆವು. ಮಾಲಿಕರ ಕಂಪ್ಯೂಟರಿನಲ್ಲಿ ನೂರನಾಲ್ವತ್ತನ್ನೂ ಎರಡೆರಡು ಪ್ರತಿ ಮಾಡಿದ್ದಾಯಿತು. ಪ್ರತಿ ಸರಿಯಾಗಿದೆಯೇ ಎಂದು ನೋಡಲು ಹುಡುಗ ಒಂದೊಂದನ್ನೇ ಅಷ್ಟಷ್ಟು ನುಡಿಸಿದ. ಬೆಸುಗೆಯ ಹೊಗೆಯ ನಡುವೆ, ಕೆಳಗೆ ಹಾರ್ನುಗಳ ಗದ್ದಲದ ನಡುವೆ, ಆ ಕಿರಿದಾದ ಮಾಳಿಗೆಯಲ್ಲಿ ಧಾರವಾಡದ ಅಡಿಗೆಮನೆಯ ಹಾಡು ಕೇಳಿಬಂತು. ಭಾಷೆ ತಿಳಿಯದ ಕಚ್ಛಿ ಮಾಲಿಕರು ಕೈಯ ಕೆಲಸ ನಿಲ್ಲಿಸಿ ಕೇಳಿದರು. "ನಮ್ಮ ಅಮ್ಮನೂ ಬೀಸುವಾಗ ಹಾಡುತ್ತಿದ್ದಳು, ಯಾರೂ ಬರೆದಿಟ್ಟುಕೊಳ್ಳಲಿಲ್ಲ" ಎಂದು ಹೇಳಿ ಮತ್ತೆ ತಲೆ ತಗ್ಗಿಸಿದರು.

ಇನ್ನು ಹೊಸ ಫೋನಿನ ಆಯ್ಕೆ. ನಮಗೆ ಬೇಕಾದದ್ದು ಎರಡು ಗುಣ: ಇವತ್ತು ಬ್ಯಾಂಕು ನಂಬುವಂತಿರಬೇಕು, ನಾಳೆ ಕಂಪನಿ ಕೈಬಿಟ್ಟರೆ ನಾವು ತೆಗೆಯುವಂತಿರಬೇಕು. ಇಲ್ಲಿ ಕಂಪನಿಗಳ ಸ್ವಭಾವ ಬೇರೆ ಬೇರೆ. ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ಬೂಟ್‌ಲೋಡರ್ ತೆಗೆಯಲು ಅವಕಾಶ ಕೊಟ್ಟಿದೆ. ಆದರೆ ಅಮೆರಿಕೆಯಲ್ಲಿ ವೆರೈಜನ್ ಮಾರಿದ ಪಿಕ್ಸೆಲ್ಲುಗಳಲ್ಲಿ ಅದು ಬರುವುದಿಲ್ಲ. ಮೊಟೊರೋಲಾ ಎಷ್ಟೋ ಮಾದರಿಗಳಿಗೆ ತನ್ನ ಜಾಲತಾಣದಲ್ಲಿ ಕೋಡು ಕೊಡುತ್ತ ಬಂದಿದೆ. ಶಾವೋಮಿ ಅರ್ಜಿ ಹಾಕಿಸಿ ದಿನಗಟ್ಟಲೆ ಕಾಯಿಸುತ್ತ ಬಂದಿದೆ. ಹುವಾವೇ ಕೋಡು ಕೊಡುವುದನ್ನು ೨೦೧೮ರಲ್ಲಿ ನಿಲ್ಲಿಸಿಬಿಟ್ಟಿತು. ಒಂದೇ ಹೆಸರಿನ ಫೋನು ಒಂದು ದೇಶದಲ್ಲಿ ಒಂದು ಚಿಪ್ಪಿನಿಂದ, ಇನ್ನೊಂದು ದೇಶದಲ್ಲಿ ಇನ್ನೊಂದು ಚಿಪ್ಪಿನಿಂದ ಬರುವುದೂ ಉಂಟು. ಆದ್ದರಿಂದ ಪೆಟ್ಟಿಗೆಯ ಮೇಲಿನ ದೊಡ್ಡ ಹೆಸರು ಸಾಲದು. ಹಿಂದೆ ಸಣ್ಣಕ್ಷರದಲ್ಲಿರುವ ಮಾದರಿ ಸಂಖ್ಯೆಯನ್ನು ಲೀನಿಯೇಜಿನ ಪಟ್ಟಿಯೊಡನೆ ತಾಳೆ ನೋಡಬೇಕು.

ಮಾಲಿಕರು ಕೊನೆಗೆ ತೋರಿಸಿದ್ದು ಒಬ್ಬರು ಬಳಸಿ ಬಿಟ್ಟ, ಭಾರತದ ಬಿಲ್ಲಿರುವ ಪಿಕ್ಸೆಲ್ ೮ಎ. ೨೦೨೪ರ ಮೇ ತಿಂಗಳಲ್ಲಿ ಬಂದ ಮಾದರಿ. ಏಳು ವರುಷ ನವೀಕರಣ ಕೊಡುವುದಾಗಿ ಕಂಪನಿಯ ಮಾತು. ಅಂದರೆ ೨೦೩೧ರ ತನಕ. ಹುಡುಗ ಅದನ್ನು ಪರೀಕ್ಷಿಸಿದ ಬಗೆ ಹೇಳತಕ್ಕದ್ದೇ. ಸೆಟ್ಟಿಂಗಿನಲ್ಲಿ ಬಿಲ್ಡ್ ನಂಬರು ಎಂಬ ಸಾಲನ್ನು ಏಳು ಸಲ ಬಡಿದ. ಸಪ್ತಪದಿಯಂತೆ ಏಳನೆಯ ಸಲಕ್ಕೆ ಫೋನು, "ನೀವೀಗ ಡೆವಲಪರ್" ಎಂದು ಒಪ್ಪಿಕೊಂಡಿತು. ಆಗ ಒಂದು ಹೊಸ ಪಟ್ಟಿ ತೆರೆಯುತ್ತದೆ. ಅದರಲ್ಲಿ ಓಇಎಂ ಅನ್‌ಲಾಕಿಂಗ್ ಎಂಬ ಸಾಲು, ಇಂಟರ್ನೆಟ್ಟಿಗೆ ಜೋಡಿಸಿದ ಮೇಲೆಯೂ ಬೂದುಬಣ್ಣದಲ್ಲಿ ಅಲುಗಾಡದೆ ಕುಳಿತಿದ್ದರೆ ಬೀಗ ಅವರ ಕೈಯಲ್ಲಿದೆಯೆಂದು ತಿಳಿಯಬೇಕು. ಅತ್ತಿತ್ತ ಸರಿದರೆ ನಮ್ಮ ಕೈಯಲ್ಲಿ. ಅಮೆರಿಕೆಯ ಫೋನಿನಲ್ಲಿ ಅದು ಬೂದಿಯಾಗಿತ್ತು. ಇದರಲ್ಲಿ ಸರಿಯಿತು.

ಬಳಸಿದ ಫೋನು ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. *#೦೬# ಒತ್ತಿದರೆ ಹದಿನೈದು ಅಂಕೆಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ಸಂಖ್ಯೆ ಬರೆದು ೧೪೪೨೨ಕ್ಕೆ ಸಂದೇಶ ಕಳಿಸಿದರೆ ಫೋನಿನ ಜಾತಕ ಬರುತ್ತದೆ; ಕದ್ದ ಮಾಲೆಂದು ತಡೆದಿದ್ದರೆ ಗೊತ್ತಾಗುತ್ತದೆ. ಸರಕಾರವು ೨೦೨೩ರ ಮೇ ತಿಂಗಳಲ್ಲಿ ತೆರೆದ ಸಂಚಾರ ಸಾಥಿ ಜಾಲತಾಣದಲ್ಲಿಯೂ ನೋಡಬಹುದು. ಆ ಸಂಖ್ಯೆಯನ್ನು ತಿದ್ದಿಕೊಡುತ್ತೇವೆ ಎನ್ನುವವರು ಯಾವ ಪೇಟೆಯಲ್ಲಾದರೂ ಸಿಕ್ಕಾರು. ಅಂಥವರಿಂದ ದೂರ ನಡೆಯಬೇಕು. ೨೦೨೩ರ ದೂರಸಂಪರ್ಕ ಕಾಯಿದೆಯ ಪ್ರಕಾರ ಅದಕ್ಕೆ ಮೂರು ವರುಷದವರೆಗೆ ಸೆರೆ, ಐವತ್ತು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ನಮ್ಮ ಮನೆಯ ಬೀಗ ನಾವು ತೆಗೆಯುವುದು ಬೇರೆ, ಮನೆಯ ನಂಬರನ್ನೇ ಬದಲಿಸುವುದು ಬೇರೆ.

ಫೋನು ಕೈಗೆ ಬಂದ ಮೇಲೆ ನಾವು ಅದರ ಬೂಟ್‌ಲೋಡರು ತೆಗೆಯಲಿಲ್ಲ. ಇಷ್ಟು ಹುಡುಕಿ ತೆಗೆಯುವ ಹಕ್ಕಿರುವ ಫೋನು ತಂದು, ತೆಗೆಯದೆ ಬಿಟ್ಟರೆ ಫಲವೇನೆಂದು ಕೆಲವರು ಕೇಳಿದರು. ಸ್ವಂತದ ಮನೆಯೆಂದು ಯಾರೂ ಬಾಗಿಲು ಹಾರುಹೊಡೆದು ಮಲಗುವುದಿಲ್ಲ. ಕಂಪನಿಯು ನವೀಕರಣ ಕಳಿಸುತ್ತಿರುವವರೆಗೆ ಕಾವಲು ಇರಲಿ, ಪೆನ್ಶನ್ನು ಸುರಕ್ಷಿತವಾಗಿರುತ್ತದೆ. ಕಳಿಸುವುದು ನಿಂತ ದಿನ ಕೀಲಿ ನಮ್ಮ ಕೈಯಲ್ಲುಂಟು. ಹಳೆಯ ಫೋನನ್ನು ಮಾತ್ರ ಮೌಶಿಯ ಒಪ್ಪಿಗೆ ಪಡೆದು ಹುಡುಗ ಆ ಭಾನುವಾರ ತೆರೆದ. ಮಾಲಿಕರ ಕೈಯಿಂದ ಬ್ಯಾಟರಿ ಬದಲಾಗಿತ್ತು, ಲೀನಿಯೇಜ್ ಕೂತಿತು, ಹಾಡುಗಳೆಲ್ಲ ಮರಳಿ ಒಳಗೆ ಬಂದವು. ಈಗ ಅದು ಬ್ಯಾಂಕಿನ ಗೋಜಿಲ್ಲದೆ ದೇವರ ಗೂಡಿನ ಪಕ್ಕದಲ್ಲಿ ಕುಳಿತು ಹಾಡುವ ಪೆಟ್ಟಿಗೆ. ಹೊಸ ಹಾಡುಗಳನ್ನು ಮೌಶಿ ಅದರಲ್ಲಿಯೇ ಕೂಡಿಸುತ್ತಾಳೆ. ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಪ್ರತಿ ಇಳಿಯುತ್ತದೆ.

೨೦೩೧ರ ತನಕ ಹೊಸ ಫೋನಿಗೆ ಚಿಂತೆಯಿಲ್ಲವೆಂದು ನಾವು ಹೇಳಿದಾಗ ಆಕೆ ನಕ್ಕು, "ಅಷ್ಟೊತ್ತಿಗೆ ನಾ ಇರತೇನೋ ಇಲ್ಲೋ. ಹಾಡು ಇರತಾವಲ್ಲಾ, ಅಷ್ಟ ಸಾಕು" ಎಂದಳು.

ಇದನ್ನು ಓದುವ ಎಲ್ಲರೂ ಗ್ರಾಂಟ್ ರೋಡಿಗೆ ಬರಬೇಕೆಂದೇನೂ ಇಲ್ಲ. ಚೆನ್ನೈಯವರಿಗೆ ಅಣ್ಣಾ ಸಾಲೈಯ ಮಗ್ಗುಲಲ್ಲಿ ರಿಚಿ ಸ್ಟ್ರೀಟು ಇದೆ. ದಿಲ್ಲಿಯವರಿಗೆ ನೆಹರೂ ಪ್ಲೇಸೂ ಕರೋಲ್ ಬಾಗಿನ ಗಫ್ಫಾರ್ ಮಾರ್ಕೆಟ್ಟೂ ಇವೆ. ಹೈದರಾಬಾದಿನವರಿಗೆ ಆಬಿಡ್ಸಿನ ಜಗದೀಶ್ ಮಾರ್ಕೆಟ್ಟು, ಪುಣೆಯವರಿಗೆ ಬುಧವಾರ ಪೇಠೆಯ ತಾಪಕೀರ್ ಗಲ್ಲಿ. ಊರಿಗೆ ಹೋದಾಗ ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ, ಅಂದರೆ ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ, ಕನ್ನಡದಲ್ಲಿಯೇ ಚೌಕಾಶಿ ಮಾಡುವ ಸುಖವೂ ಉಂಟು. ಎಲ್ಲಿಗೇ ಹೋಗಿ, ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ: ಬೇರೆ ಸಿಮ್ಮು ಒಪ್ಪುತ್ತದೆಯೆ? ಬೂಟ್‌ಲೋಡರು ತೆಗೆಯಲು ಬರುತ್ತದೆಯೆ? ಬ್ಯಾಟರಿ ಬದಲಿಸಿಕೊಡುವಿರಾ? ಹೊರಡುವ ಮುಂಚೆ ಹಳೆಯ ಫೋನಿನಲ್ಲಿರುವುದಕ್ಕೆಲ್ಲ ಎರಡು ಪ್ರತಿ ಮಾಡಿಡಿ. ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರು ಕೇಳುವ ಪ್ರಶ್ನೆ ನಮಗೆ ಹೊಳೆಯುವುದಿಲ್ಲ.